ಪಟ್ಟಿ ಬಿಚ್ಚುವ ದಿನ

ಅಪ್ಪಾ,

ನಿಮ್ಮ ಮೈಕ್ರೋಸ್ಕೋಪು ತಮ್ಮನ ಮನೆ ಸೇರಿತು ಅಂತ ಅಮ್ಮ ಹೇಳಿದಳು. ನಿಮ್ಮ ಹಳೇ ಬನಿಯನ್ನಿನ ಚೂರಿನಿಂದ ಅದರ ಗಾಜು ಒರೆಸುತ್ತಾ ಬೆಳೆದವಳು ನಾನು. ಅವನು ಷೋಕೇಸಿನಲ್ಲಿ ಗೊಂಬೆಗಳ ಪಕ್ಕ ಇಟ್ಟಿದ್ದಾನಂತೆ. ಇರಲಿ.

ಇದು ಅನ್ಯಾಯ ಅಂತ ಫೋನಿನಲ್ಲಿ ಅಂದರೆ ನೀವು ಮತ್ತೆ ಜೀವಶಾಸ್ತ್ರದ ಮೇಷ್ಟ್ರಾದಿರಿ. ಪಾಲು ಕಮ್ಮಿಯಾದರೆ ಮಂಗಗಳೂ ಮುನಿಯುತ್ತವೆ, ಬದುಕಿ ಉಳಿಯಲಿ ಅಂತ ವಿಕಾಸ ನಮ್ಮೊಳಗೆ ಬೆಳೆಸಿದ ಅನಿಸಿಕೆ ಅದು, ಹೊರಗೆಲ್ಲೂ ನ್ಯಾಯ ಅನ್ನೋದು ಇಲ್ಲ ಮಗಳೇ ಅಂದಿರಿ. ನಿಮ್ಮ ಪಕ್ಕದಲ್ಲಿ ತಮ್ಮ ನಕ್ಕಿದ್ದೂ ಕೇಳಿಸಿತು.

ನನಗೆ ಹೊಟ್ಟೆಕಿಚ್ಚು, ಒಪ್ಪಿದೆ. ಆದರೆ ಕಣ್ಣೂ ಹಾಗೇ ವಿಕಾಸವಾಗಿ ಬಂದದ್ದು ಅಂತ ಪಾಠ ಮಾಡಿದವರು ನೀವೇ. ಹಾಗಂತ ಕಣ್ಣಿಗೆ ಕಾಣುವ ಮರ ಸುಳ್ಳಾಗುತ್ತದೆಯೇ? ನೀವು ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚಿದ್ದೂ ನನಗೆ ಅಷ್ಟೇ ಸ್ಪಷ್ಟವಾಗಿ ಕಾಣುತ್ತಿದೆ.

ಸೋಮವಾರ ನಿಮ್ಮ ಕಣ್ಣಿನ ಆಪರೇಷನ್ನಿಗೆ ರಜೆ ಹಾಕಿ ಬರುತ್ತೇನೆ. ತಮ್ಮನಿಗೆ ಮೀಟಿಂಗು, ಮರುದಿನ ಪಟ್ಟಿ ಬಿಚ್ಚುವ ಹೊತ್ತಿಗೆ ಬರುತ್ತಾನಂತೆ. ಬರಲಿ. ಆದರೆ ಬಾಗಿಲ ಹತ್ತಿರವೇ ನಿಲ್ಲಲು ಹೇಳಿ.

ಕಣ್ಣು ಬಿಟ್ಟಾಗ ಮೊದಲು ನನ್ನನ್ನು ನೋಡಿ.

ನಿಮ್ಮ ದೊಡ್ಡ ಮಗಳು