ನೀವು ಬೇಡಿ ಪಡೆದ ಕೋವಿ

ಕಾರಿಪ್‌ಬೆಕ್ ಆಬಾ,

ಹಿರಿಯರನ್ನು ಹೀಗೆ ಕರೆಯಬೇಕೆಂದು ನನ್ನ ಅಪ್ಪ ಕಲಿಸಿದ್ದ. ಅದಕ್ಕೇ ಕರೆದಿದ್ದೇನೆ. ಬೇರೆ ಕಾರಣವಿಲ್ಲ.

ನೀವು ಜೀವಮಾನವಿಡೀ ಕೂಡಿಹಾಕಿದ ಹಳೆಯ ಕೋವಿಗಳೆಲ್ಲ ನಮ್ಮ ಮ್ಯೂಸಿಯಂ ಸೇರಿವೆ. ಅವುಗಳನ್ನು ಗುರುತಿಸಿ ಫಲಕ ಬರೆಯುವುದು ನನ್ನ ಕೆಲಸ. ಫೋನಿನಲ್ಲಿ ಎಷ್ಟು ಅಕ್ಕರೆಯಿಂದ ಹೇಳಿದಿರಿ: “ನಡುವಿನ ಗಾಜಿನ ಪೆಟ್ಟಿಗೇಲಿರೋದು ನಮ್ಮಜ್ಜನ ರೈಫಲ್, ಮಗಳೇ. ಸಾವಿರದೊಂಬೈನೂರ ಹದಿನಾರರ ದಂಗೇಲಿ ಚಕ್ರವರ್ತಿ ಸಿಪಾಯಿ ಕೈಯಿಂದ ಕಿತ್ಕೊಂಡಿದ್ದು. ನಾಲ್ಕು ಸಾಲು ಜೋರಾಗಿ ಬರಿ. ಓದಿದೋಳು ನೀನು, ಕಬ್ಬಿಣ ಬಿಚ್ಚಿ ನೋಡೋ ಉಸಾಬರಿ ನಿಂಗ್ಯಾಕೆ?”

ಬಿಚ್ಚಿ ನೋಡಿದೆ, ಆಬಾ.

ಸಾಲ್ಕಿನ್ ಎಂಬ ನನ್ನ ಹೆಸರು ಕೇಳಿ ನಿಮಗೇನೂ ನೆನಪಾಗಲಿಲ್ಲ. ಜನ ಮೆರ್ಗೆನ್, ಗುರಿಗಾರ, ಎಂದು ಕರೆಯುತ್ತಿದ್ದ ಮೊಲ್ದೊಕುಲ್‌ನ ಮಗಳು ನಾನು. ನಾನು ಚಿಕ್ಕವಳಿದ್ದ ಒಂದು ಶರತ್ಕಾಲದಲ್ಲಿ ಅಪ್ಪನ ಕುದುರೆಯ ಮೇಲೆ, ಕೋವಿ ತೂಗುಹಾಕಿದ್ದ ಅವನ ಬೆನ್ನಿಗೆ ಅಂಟಿಕೊಂಡು ಕೂತಿದ್ದೆ. ಮುಂದೆ ಜೀನಿಗೆ ಅಡ್ಡಲಾಗಿ ಕಟ್ಟಿದ ಕಾಡುಮೇಕೆ. ನೀವು ಹೊಳೆ ದಾಟುವಲ್ಲಿ ಪಟ್ಟಣದ ಗೆಳೆಯರೊಡನೆ ನಿಂತಿದ್ದಿರಿ. “ಶಿರಾಲ್ಗಾ, ಮೆರ್ಗೆನ್!” ಎಂದು ಕೂಗಿದಿರಿ. ಬೇಟೆಯಿಂದ ಮರಳುವವನಿಗೆ ಎದುರಾದವರು ಆ ಮಾತು ಹೇಳಿದರೆ ಪಾಲು ಕೊಡಲೇಬೇಕು. ಕೊಡದವನಿಗೆ ಬೆಟ್ಟ ಮತ್ತೆ ಏನೂ ಕೊಡುವುದಿಲ್ಲ.

ಅಪ್ಪ ನಕ್ಕು, ಅಣ್ಣ ಎನ್ನುವಂತೆ ಬಾಯ್ಕೆ ಎಂದು ನಿಮ್ಮನ್ನು ಕರೆದ. “ಯಾವ ತೊಡೆ ಬೇಕು ಬಾಯ್ಕೆ? ಹೋಗ್ಲಿ, ಇಡೀದೇ ಇಳಿಸ್ಕೊಳ್ಳಿ.”

“ಮಾಂಸ ನೀನೇ ತಿನ್ನೋ. ಬೆನ್ನ ಮೇಲಿರೋದನ್ನ ಇಳಿಸು.”

“ಅದು ಬೇಟೆಯಲ್ಲ ಬಾಯ್ಕೆ, ಕೋವಿ.”

“ಶಿರಾಲ್ಗಾ ಅಂದಾಯ್ತಲ್ಲ! ನೋಡ್ರಪ್ಪಾ, ಮೆರ್ಗೆನ್ ಕೈ ನಡುಗ್ತಿದೆ. ಮಗಳ ಮುಂದೆ ಇಲ್ಲ ಅಂತಾನಂತೆ!”

ನಿಮ್ಮ ಗೆಳೆಯರು ಹೊಟ್ಟೆ ಹಿಡಿದು ನಕ್ಕರು. ಪದ್ಧತಿ ಮಾಂಸಕ್ಕೆ ಮಾತ್ರ ಎಂದು ನಿಮಗೂ ಗೊತ್ತಿತ್ತು. ಆದರೆ ಅಪ್ಪ ಆ ಮಾತಿಗೆ ಒಮ್ಮೆಯೂ ಇಲ್ಲವೆಂದವನಲ್ಲ. ಕೋವಿಯ ಪಟ್ಟಿಯನ್ನು ಭುಜದಿಂದ ಬಿಡಿಸುವಾಗ ಅವನ ಮೊಣಕೈ ನನ್ನ ಕೆನ್ನೆಗೆ ತಾಗಿತು. ಕ್ಷಮಿಸು ಎನ್ನಲೂ ಅವನಿಗೆ ತೋಚಲಿಲ್ಲ.

ಬೇರೆ ಕೋವಿ ಸಿಗದಿರಲಿಲ್ಲ. ಆ ಕೋವಿಯ ಜೊತೆ ಗುರಿಯೂ ಹೋಯಿತೆಂದು ಅವನು ನಂಬಿದ. ಮುಂದೆ ಮದುವೆಯೊಂದರಲ್ಲಿ ನೀವೇ ಎದ್ದು ನಿಂತು, “ಕೋವಿ ಇಲ್ಲದ ಮೆರ್ಗೆನ್ ಬಂದ, ಪಾಪ, ಅವನಿಗೊಂದು ಮೂಳೆ ಹಾಕ್ರೋ!” ಎಂದಿರಿ. ಅಂದಿನಿಂದ ಸಾಯುವವರೆಗೂ ಅವನು ಯಾರ ಮನೆಯ ಊಟಕ್ಕೂ ಹೋಗಲಿಲ್ಲ. ನಾನು ಇತಿಹಾಸ ಓದಿದೆ. ಜೊತೆಗೆ ಕವಿತೆಗಳನ್ನೂ. ಒಂದು ಪದ ಸುಳ್ಳಾದರೆ ಸಾಲು ಕುಂಟುವುದು ನನಗೆ ಕೇಳಿಸುತ್ತದೆ.

ನಿಮ್ಮ ಕೋವಿ ಕುಂಟುತ್ತಿದೆ, ಆಬಾ. ನಳಿಗೆಯ ಬಾಯಿಗೆ ಮರದ ಬೆಣೆ ಹೊಡೆಸಿದ್ದಿರಿ. ಅದನ್ನು ತೆಗೆದು ಬೆಳಕು ಬಿಟ್ಟೆ. ರೈಫಲಿನ ನಳಿಗೆಯೊಳಗೆ ಸುರುಳಿ ಗೀರುಗಳಿರಬೇಕು. ಇಲ್ಲಿ ಚರೆ, ಅಂದರೆ ಸಣ್ಣ ಸೀಸದ ಗುಂಡು, ಹಾರಿಸಲೆಂದು ಕೊರೆದು ಕನ್ನಡಿಯಂತೆ ನುಣುಪು ಮಾಡಿದ್ದಾರೆ. ಸೈನ್ಯದ ರೈಫಲುಗಳನ್ನು ಬೇಟೆಗಾರರಿಗಾಗಿ ಹೀಗೆ ಚರೆ ಕೋವಿ ಮಾಡಿದ್ದು ಚಕ್ರವರ್ತಿಯನ್ನು ಇಳಿಸಿದ ಮರುವರ್ಷದ ಕ್ರಾಂತಿಯ ನಂತರ. ಕಾರ್ಖಾನೆಯ ಆ ಕಾಲದ ಮುದ್ರೆ ಮರದ ಹಿಡಿಯೊಳಗೆ ಹೊಕ್ಕ ಕಬ್ಬಿಣದ ಮೇಲೆ ಹಾಗೇ ಇದೆ. ದಂಗೆಯ ವರ್ಷವೇ ತೀರಿಕೊಂಡ ನಿಮ್ಮಜ್ಜ ಇದನ್ನು ಎಲ್ಲಿ ಹಿಡಿದರು? ನಳಿಗೆಯ ಮೇಲೆ ಗುರಿ ನೋಡುವ ಸೈನ್ಯದ ಗುರಿಪಟ್ಟಿಯನ್ನು, ರೈಫಲ್ ಎನಿಸಲೆಂದು, ನೀವು ಈಚೆಗೆ ಬೆಸೆಸಿದ್ದೀರಿ. ಬೆಸುಗೆ ಇನ್ನೂ ಹೊಳೆಯುತ್ತಿದೆ. ಹಿಡಿಯನ್ನು ಉಜ್ಜಿ ಮೆರುಗು ಕೊಟ್ಟರೂ, ಬಿರುಕಿಗೆ ಅಪ್ಪ ಹಸಿ ತೊಗಲು ಸುತ್ತಿದ್ದ ಜಾಗ ಕಪ್ಪಾಗಿ ಉಳಿದಿದೆ. ನನ್ನ ಬೆರಳಿಗೆ ಅದು ಕತ್ತಲಲ್ಲೂ ಸಿಗುತ್ತದೆ.

ಹಿಂದಕ್ಕೆ ಕೇಳಬೇಡಿ. ದಾನಪತ್ರಕ್ಕೆ ನಿಮ್ಮ ಸಹಿ ಬಿದ್ದಿದೆ. ಕೇಳಿದರೆ ಕಾರಣವನ್ನೂ ಹೇಳಬೇಕಾದೀತು.

ಫಲಕ ಕೆತ್ತಿ ಬಂದಿದೆ: “ಸೈನ್ಯದ ರೈಫಲ್, ಕ್ರಾಂತಿಯ ನಂತರ ಚರೆ ಕೋವಿಯಾಗಿ ಮಾರ್ಪಟ್ಟಿದ್ದು. ಇದರೊಡನೆ ಬೆಟ್ಟ ಹತ್ತಿದವರು ಮೊಲ್ದೊಕುಲ್ ಮೆರ್ಗೆನ್. ಗುರಿಪಟ್ಟಿ ನಕಲಿ, ಕೂಡಿಸಿದವರು ಕಾರಿಪ್‌ಬೆಕ್.” ಶುಕ್ರವಾರ ಬಾಗಿಲು ತೆರೆಯುತ್ತದೆ. ನಿಮ್ಮ ಮೊಮ್ಮಕ್ಕಳಿಗೆ ಮೊದಲ ಸಾಲಿನಲ್ಲೇ ಜಾಗ ಇಟ್ಟಿದ್ದೇನೆ.

ದೀರ್ಘಾಯುಷಿಯಾಗಿ ಬಾಳಿ, ಆಬಾ. ಕಾಲು ಗಟ್ಟಿಯಾಗಿರಲಿ, ಕಣ್ಣು ಮಂಜಾಗದಿರಲಿ. ದಾನಿಗಳಿಗೆ ನಮ್ಮಲ್ಲಿ ಪ್ರತಿದಿನವೂ ಪ್ರವೇಶವಿದೆ.

ಇಂತಿ, ಆ ದಿನ ಹೊಳೆಯ ಬಳಿ ನಿಮ್ಮ ನಗು ಕೇಳಿಸಿಕೊಂಡವಳು,
ಸಾಲ್ಕಿನ್