ಇಳಿಸಿದ ತಂತಿ

ಕುಂದಾಪುರ
14 ನವೆಂಬರ್ 2024

ಪ್ರೀತಿಯ ಪ್ರಖ್ಯಾತ,

ಎರಡು ವರ್ಷದಿಂದ ಒಂದು ಸಾಲೂ ಬರೆಯದವನು ಈಗ ಕಾಗದ ಹಿಡಿದು ಕೂತಿದ್ದಾನೆಂದರೆ ಏನೋ ಎಡವಟ್ಟಾಗಿದೆ ಎಂದೇ ನೀನು ತಿಳಿಯುತ್ತಿ. ಆಗಿದೆ. ಫೋನು ಮಾಡಿದರೆ ನಿನಗೆ ಕೇಳುವುದಿಲ್ಲ. ನಿನ್ನೆದುರು ಕೂತು ಚೀಟಿಯಲ್ಲಿ ಬರೆದು ತೋರಿಸುವ ಧೈರ್ಯ ನನಗಿಲ್ಲ. ಮೊನ್ನೆ ಬೈಂದೂರಿಗೆ, ನಿನ್ನ ಚಿಕ್ಕಪ್ಪನ ಹೋಟೆಲಿನವರೆಗೂ ಬಂದಿದ್ದೆ. ನೀನು ದೋಸೆ ಕಾವಲಿಯ ಮುಂದೆ ಬೆನ್ನು ಹಾಕಿ ನಿಂತಿದ್ದಿ. ಚಿಕ್ಕಪ್ಪ ಹಿಂದಿನಿಂದ ಎರಡು ಸಲ ಕೂಗಿದರು, ನೀನು ತಿರುಗಲಿಲ್ಲ. ನಾನು ಒಂದು ಚಾ ಕುಡಿದು ಸಿಕ್ಕಿದ ಬಸ್ಸು ಹತ್ತಿ ವಾಪಸು ಬಂದೆ.

ಬ್ರಹ್ಮಾವರದ ಅನ್ವಿತಾ ನಿನ್ನ ಹತ್ತಿರವೂ ಬಂದಿದ್ದಳಲ್ಲ, ಈ ಕಡೆಯ ಅಂಡರ್‌ಗ್ರೌಂಡ್ ಸಂಗೀತಗಾರರನ್ನೆಲ್ಲ ಮಾತಾಡಿಸಿ ಪುಸ್ತಕ ಮಾಡುತ್ತಿರುವ ಹುಡುಗಿ. ನಾವು ಅಂಡರ್‌ಗ್ರೌಂಡಂತೆ ಮಾರಾಯ! ನಮ್ಮನ್ನು ಮೇಲೆ ಬನ್ನಿ ಎಂದು ಕರೆದವರಾದರೂ ಯಾರು? ನಿನ್ನ ಅಮ್ಮ ಅವಳನ್ನು ಕೇಳಿದರಂತೆ, ನಮ್ಮ ಮಕ್ಕಳು ಯಾರಿಗೆ ಹೆದರಿ ಅಡಗಿಕೊಂಡದ್ದು ಎಂದು. ಅನ್ವಿತಾ ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ.

ಮೂರು ಗಂಟೆ ಕೂತಳು. ಗುಲ್ವಾಡಿಯ ಹಳೆಯ ಹಂಚಿನ ಶೆಡ್ಡು, ಅಲ್ಲಿ ನೀನು ಹಾಡಿ, ನಾನು ಗಿಟಾರು ಹಿಡಿದು, ನಿತೇಶ ಬೇಸ್ ಗಿಟಾರು ಬಾರಿಸಿ 'ಉಪ್ಪ್‌ನೀರ್' ಬ್ಯಾಂಡ್ ಕಟ್ಟಿದ್ದು, ಎಲ್ಲ ಕೇಳಿದಳು. ಈಗ ಎಂತ ಮಾಡುತ್ತೀರಿ ಎಂದೂ ಕೇಳಿದಳು. ಮದುವೆ ರಿಸೆಪ್ಶನ್‌ಗಳಲ್ಲಿ ಸಿನಿಮಾ ಹಾಡು ಬಾರಿಸುತ್ತೇನೆ, ನಿತೇಶ ಮುಂಬೈಯಲ್ಲಿ ಕ್ಯಾಂಟೀನು ನೋಡಿಕೊಳ್ಳುತ್ತಾನೆ ಎಂದೆ. ಕೊನೆಗೆ ಆ ಪ್ರಶ್ನೆ ಬಂತು. ನಿಮ್ಮ ಮೊದಲ ಐದು ಹಾಡು ಎಲ್ಲರ ಹಾಗೆ ಸರಿಯಾದ ಶ್ರುತಿಯಲ್ಲಿವೆ. ಆಮೇಲಿನ ಐದು ಹಾಡುಗಳಲ್ಲಿ ಶ್ರುತಿ ಇಳಿದಿದೆ, ಅದೂ ಅರ್ಧ ಸ್ವರ, ಒಂದು ಸ್ವರ ಎಂಬ ಯಾವ ಲೆಕ್ಕಕ್ಕೂ ಸಿಗದಷ್ಟು. ಆ ಬದಲಾವಣೆ ಹೇಗೆ ಬಂತು?

ನಾನು ದೊಡ್ಡ ಕಲಾವಿದನ ಹಾಗೆ ಭಾಷಣ ಬಿಗಿದೆ. ಕುಂದಾಪ್ರ ಕನ್ನಡದ ಹಾಡಿಗೆ ಹೊರಗಿನ ಶ್ರುತಿ ಯಾಕೆ, ನಮ್ಮದೇ ಒಂದು ಹುಡುಕಿಕೊಂಡೆವು ಎಂದೆ. ಅವಳು ತಲೆಯಾಡಿಸಿ ಬರೆದುಕೊಂಡಳು. ಆಮೇಲೆ ಅದೇ ಪ್ರಶ್ನೆಗೆ ನೀನು ಬರೆದುಕೊಟ್ಟ ಉತ್ತರ ತೋರಿಸಿದಳು. ನೀಲಿ ಪೆನ್ನಿನಲ್ಲಿ ಒಂದೇ ಸಾಲು: ಆ ಐದು ಹಾಡುಗಳಲ್ಲಿ ನನ್ನ ಸ್ವರ ನನಗೆ ಸಿಕ್ಕಿತು, ಮತ್ತೇನು ಹೋದರೂ ಅದು ಉಂಟು. ಅದನ್ನು ಓದಿದ ಮೇಲೆಯೇ ನಾನು ಬೈಂದೂರಿನ ಬಸ್ಸು ಹತ್ತಿದ್ದು.

ಪ್ರಖ್ಯಾತ, ಅದು ಹುಡುಕಿದ್ದಲ್ಲ. ಆ ಐದು ಹಾಡು ರೆಕಾರ್ಡ್ ಮಾಡಲು ಶುರುಮಾಡಿದ ಫೆಬ್ರವರಿಯಲ್ಲಿ ನಿನ್ನ ಸ್ವರ ಇಳಿಯತೊಡಗಿತು. ನಾವು ಬಾರಿಸಿದ್ದು ನಿನ್ನ ಕಿವಿಗೆ ಬೇರೆಯೇ ಆಗಿ ಬೀಳುತ್ತಿತ್ತು, ನೀನು ಅದಕ್ಕೆ ಸರಿಯಾಗಿ ಹಾಡುತ್ತಿದ್ದಿ. ನಿನಗೆ ಹೇಳುವ ಬದಲು ನಾನೂ ನಿತೇಶನೂ ತಂತಿ ಇಳಿಸಿ ನಿನ್ನ ಸ್ವರಕ್ಕೆ ಹೊಂದಿಸಿದೆವು. ಮರುವಾರ ಇನ್ನಷ್ಟು ಇಳಿಸಿದೆವು. ಗೋವಾದ ನಮ್ಮ ಕಾರ್ಯಕ್ರಮದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಹೊಸ ದಾರಿ ಎಂದರು. ನೀನು ನನ್ನನ್ನು ಅಪ್ಪಿಕೊಂಡು ಅತ್ತದ್ದು ನೆನಪುಂಟಾ?

ಎಡಗಿವಿ ಮುಟ್ಟಿ 'ಈ ಕೆಮಿ ಗುಂಯ್' ಎಂದು ನೀನು ಒಮ್ಮೆ ಹೇಳಿದ್ದು ನಿಜ. ಅದು ಹಂಚಿನ ಶೆಡ್ಡಿನ ಸದ್ದು, ನಾಳೆ ಸರಿಯಾಗುತ್ತದೆ ಎಂದೆ. ನಿನಗೆ ಶೀತವಾಗಿದೆ ಎಂದೇ ನಾನು ನಂಬಿದ್ದೆ. ಇಳಿಸಿ ಹಾಡುವುದು ನಿನ್ನದೇ ಹೊಸ ಹುಚ್ಚು ಎಂದುಕೊಂಡಿದ್ದೆ. ಬಲಗಿವಿಯೂ ಹೋದ ಮೇಲೆ ಮಣಿಪಾಲದಲ್ಲಿ ಡಾಕ್ಟರು, ಶುರುವಾದ ಎರಡು ವಾರದೊಳಗೆ ಬಂದಿದ್ದರೆ ಉಳಿಸಬಹುದಿತ್ತೇನೋ ಎಂದರಲ್ಲ, ಆಗಲೇ ನನಗೆ ಹೊಳೆದದ್ದು. ದೇವರಾಣೆ.

ಪುಸ್ತಕ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ. ನನ್ನ ಭಾಷಣ ಹಾಗೇ ಬಂದರೆ ನಿನ್ನ ಸಾಲೂ ಉಳಿಯುತ್ತದೆ. ನಿಜ ಹೇಳಿದರೆ ನಿನ್ನ ಹತ್ತಿರ ಉಳಿದಿರುವ ಒಂದನ್ನೂ ನಾನೇ ಕಿತ್ತುಕೊಂಡ ಹಾಗೆ. ಆದರೆ ಒಂದು ಮಾತು ನಂಬು. ಆ ಐದು ಹಾಡು ಚಂದ ಇವೆ. ಸರಿಯಾದ ಶ್ರುತಿಯಲ್ಲಿ ಅವನ್ನು ಬಾರಿಸಿ ನೋಡಿದೆ, ಸತ್ತ ಹಾಗಿವೆ. ಪುಸ್ತಕದಲ್ಲಿ ಯಾವುದು ಬರಬೇಕು, ನೀನು ಹೇಳಿದ ಹಾಗೆ ಮಾಡುತ್ತೇನೆ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಹೇಳದಿದ್ದರೂ ಸರಿ.

ನಿನ್ನವನು ಎಂದು ಬರೆಯಲು ಕೈ ಬಾರದ,
ಯತೀಶ

ಮರೆತದ್ದಲ್ಲ, ಬಿಟ್ಟದ್ದು: ಕವರಿಗೆ ಅಂಟು ಹಚ್ಚಿ ಆಗಿತ್ತು, ಮತ್ತೆ ಹರಿದೆ. ಆ ಫೆಬ್ರವರಿಯ ಮೊದಲ ದಿನದ ರೆಕಾರ್ಡಿಂಗನ್ನು ಅನ್ವಿತಾ ನಿತೇಶನಿಂದ ತರಿಸಿಕೊಂಡು ನನಗೂ ಕಳಿಸಿದ್ದಾಳೆ. ಹಾಡು ಮುಗಿದ ಮೇಲೂ ಮಷೀನು ಓಡುತ್ತಿತ್ತು. ನೀನು ಕೇಳಲಾರೆ ಎಂಬ ಧೈರ್ಯದ ಮೇಲೆಯೇ ಶೀತ, ಹುಚ್ಚು, ದೇವರಾಣೆ ಎಂದೆಲ್ಲ ಮೇಲೆ ಬರೆದೆ. ಅದನ್ನು ಹೊಡೆದು ಹಾಕಿಲ್ಲ, ನಾನು ಎಂಥವನೆಂದು ನಿನಗೆ ಗೊತ್ತಿರಲಿ. ಅದರಲ್ಲಿರುವುದು ಇಷ್ಟು:

ನೀನು: "ಸಮಾ ಬಂತಾ? ಎಡದ್ ಕೆಮಿ ಎಂತದೂ ಕೇಂತಿಲ್ಲ ಮಾರಾಯ."

ನಾನು: "ಲಾಯ್ಕ್ ಬಂತ್ ಕಾಣ್. ನೀ ಹೋಯಿ ನೀರ್ ಕುಡ್ಕಂಡ್ ಬಾ."

ಬಾಗಿಲ ಸದ್ದು. ಆಮೇಲೆ ನಾನು, ನಿತೇಶನಿಗೆ: "ಅವನ್ ಕೆಮಿ ಹೋಯಿತ್. ಹೇಳ್ಬೇಡ, ಗೋವಾ ಮುಗಿಲಿ. ತಂತಿ ಇಳ್ಸ್."