ನನಗೆ ಬರುವುದು ಪ್ರಶ್ನೆಗಳಷ್ಟೇ

ಮಗಳೇ ಕರುಣಾ,

ಈಗ ರಾತ್ರಿ ಎಂಟು ದಾಟಿದೆ. ನಿನ್ನ ಅಪ್ಪ ಇನ್ನೂ ಅಥಣಿ ಡಿಪೋದಿಂದ ಬಂದಿಲ್ಲ, ಇವತ್ತು ಅವರ ಬಸ್ಸು ವಿಜಯಪುರದ ಕಡೆಗೆ. ನಾನು ಬೆಳಿಗ್ಗೆಯಿಂದ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುತ್ತಿದ್ದೆ. ಈ ವರ್ಷದ ಮೊದಲ ಮಾಲು, ಕಡ್ಡಿ ಜಾಸ್ತಿ ಇದೆ. ಮಧ್ಯಾಹ್ನ ಸಾವಕಾರರು ಅರ್ಧ ಕೆಲಸಕ್ಕೇ ಎಬ್ಬಿಸಿ ಮನೆಗೆ ಕಳಿಸಿದರು. ಅವರ ಮೊಮ್ಮಗಳು ಸುಜಾತಾ, ನಿನ್ನ ಸುಜಾತಾ, ಬಂದಿದ್ದಳು. ಈಗಷ್ಟೇ ಹೋದಳು. ನಡೆದದ್ದನ್ನು ನಿನಗಲ್ಲದೆ ಇನ್ನು ಯಾರಿಗೆ ಹೇಳಲಿ?

ಹತ್ತನೆಯ ಇಯತ್ತೆ ಮುಗಿಸಿ ನೀವಿಬ್ಬರೂ ಮಿರಜದ ಕಾಲೇಜಿಗೆ ಹೆಸರು ಹಚ್ಚಿ ಬಂದ ದಿನ ನೆನಪಿದೆಯಾ? ಕಾಗವಾಡದಿಂದ ಮಿರಜ ಹತ್ತಿರ, ಗಡಿ ದಾಟಿದರಾಯಿತು. ಆದರೆ ಅಲ್ಲಿ ಕನ್ನಡ ಇಲ್ಲ. ಮರಾಠಿ, ಹಿಂದಿ, ಇಲ್ಲದಿದ್ದರೆ ಜರ್ಮನ್. ಸಂತೆಯಲ್ಲಿ ಮರಾಠಿ ಮಾತಾಡುವುದು ಬೇರೆ, ಅದರಲ್ಲಿ ನಿಬಂಧ ಬರೆಯುವುದು ಬೇರೆ. "ಮರಾಠಿ ತಗೊಂಡ್ರ ಎಲ್ಲಾರೂ ನಮಗಿಂತ ಹತ್ತ ವರ್ಷ ಮುಂದ ಇರ್ತಾರವ್ವ. ಜರ್ಮನ್ ತಗೊಂಡ್ರ ಅಲ್ಲಿ ಎಲ್ಲಾರದೂ ಅ ಆ ಇ ಈ," ಅಂದೆ ನೀನು. ನಿನ್ನ ಅಪ್ಪ ಬಿದ್ದುಬಿದ್ದು ನಕ್ಕರು. "ಜರ್ಮನ್ ಅಂದ್ರ ನನಗ ಗೊತ್ತಿದ್ದದ್ದು ಅಡಿಗಿ ಮಾಡೂ ಜರ್ಮನ್ ಪಾತೇಲಿ ಒಂದ. ಕಲತ ಯಾರ ಕೂಡ ಮಾತಾಡಾಕಿ? ದ್ರಾಕ್ಷಿ ಗಿಡದ ಕೂಡೇನು?" ನೀನು ಸಿಟ್ಟಾಗಿ, "ಅವ್ವನ ಕೂಡ ಮಾತಾಡ್ತೀನಿ," ಅಂದೆ. ಸಿಟ್ಟಿನಲ್ಲಿ ಆಡಿದ ಮಾತನ್ನು ನಿಜ ಮಾಡುತ್ತೀಯೆಂದು ಯಾರಿಗೆ ಗೊತ್ತಿತ್ತು?

ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನನ್ನನ್ನು ನೀನು ಪರೀಕ್ಷಕಳನ್ನಾಗಿ ಮಾಡಿದ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಹನ್ನೆರಡನೆಯ ಇಯತ್ತೆಯ ಕೊನೆಗೆ ತೋಂಡಿ ಪರೀಕ್ಷೆ ಇರುತ್ತದೆ, ಹೊರಗಿನವರು ಬಂದು ಎದುರು ಕೂತು ಜರ್ಮನ್‌ನಲ್ಲಿ ಕೇಳುತ್ತಾರೆ, ಬಾಯಲ್ಲೇ ಹೇಳಬೇಕು, ಅದಕ್ಕೆ ಕೇಳುವವರೊಬ್ಬರು ಬೇಕು ಅಂದೆ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ನೀನೇ ಪ್ರಶ್ನೆಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟೆ. ವೀ ಹೈಸನ್ ಜೀ? ವೋ ವೋನನ್ ಜೀ? ನಾನು ರೊಟ್ಟಿ ತಿರುವುತ್ತಾ ಓದುತ್ತಿದ್ದೆ, ನೀನು ಒಲೆಯ ಪಕ್ಕ ಕೂತು ಪಟಪಟ ಉತ್ತರ ಕೊಡುತ್ತಿದ್ದೆ. ಏನು ಹೇಳಿದೆ ಎಂದು ಕೇಳಿದರೆ, "ನೀ ಅರ್ಥ ಕೇಳಬ್ಯಾಡ ಬೇ, ಸುಮ್ನ ಓದು. ಪರೀಕ್ಷಾ ಮುಗೀಲಿ, ಎಲ್ಲಾ ಹೇಳ್ತೀನಿ," ಅನ್ನುತ್ತಿದ್ದೆ. ಆಮೇಲೆ ನನಗೆ ಹಾಳೆಯೂ ಬೇಕಾಗಲಿಲ್ಲ. ಎಲ್ಲ ಪ್ರಶ್ನೆಗಳೂ ಬಾಯಿಗೆ ಬಂದವು. ಉತ್ತರ ಒಂದೂ ಗೊತ್ತಿರಲಿಲ್ಲ.

ಸುಜಾತಾ ಮೊದಲ ಸಲ ನಮ್ಮ ಅಡುಗೆಮನೆಯೊಳಗೆ ಬಂದು ಕೂತಾಗ ಚಾ ಕೊಡಲೋ ಬೇಡವೋ ಎಂದು ನಾನು ನಿಂತೇ ಇದ್ದೆ. ಸಾವಕಾರರ ಮನೆಯ ಹುಡುಗಿ, ನಾವು ಅವರ ಶೆಡ್ಡಿಗೆ ದುಡಿಯಲು ಹೋಗುವವರು. ಅದೂ ನಮ್ಮದು ಊರ ಹೊರಗಿನ ಓಣಿ, ಅವರ ಮನೆಯವರು ಇಲ್ಲಿ ನೀರೂ ಮುಟ್ಟಿದವರಲ್ಲ. ಅವಳೇ, "ಕಾಕೂ, ಚಾ ಮಾಡಂಗಿಲ್ಲೇನ್ರಿ? ಜರ್ಮನಿ ಮಂದಿ ಚಾ ಕುಡದ ಮಾತಾಡ್ತಾರಂತ," ಅಂದಳು. ಅವಳಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಅದಕ್ಕೇ ನೀನು ಒಂದು ಉಪಾಯ ಮಾಡಿದೆ. ನಾನು ಕೇಳಬೇಕು, ನೀನು ಹೇಳಬೇಕು, ನೀನು ಹೇಳಿದ್ದನ್ನೇ ಅವಳು ನಿನ್ನ ಹಿಂದೆ ಹೇಳಬೇಕು. ಮೊದಲು ಬಾಯಿ ತಿರುಗಲಿ, ಜನವರಿಯಲ್ಲಿ ಉತ್ತರಗಳಿಗೆ ಅವಳದೇ ಹೆಸರು, ಅವಳದೇ ಮನೆಯ ಸುದ್ದಿ ಎಲ್ಲ ಹಾಕಿಕೊಡುತ್ತೇನೆ ಎಂದು ಅವಳಿಗೆ ಹೇಳಿದ್ದೆಯಂತೆ. ಜನವರಿ…

ದೀಪಾವಳಿ ಮುಗಿಯುತ್ತಲೇ ನಿನಗೆ ಜ್ವರ ಬಂತು. ವಾರ ತುಂಬುವುದರೊಳಗೆ ಎಲ್ಲ ಮುಗಿಯಿತು. ಆಸ್ಪತ್ರೆಯಲ್ಲಿ ನಿನ್ನ ತುಟಿ ಒದ್ದೆ ಮಾಡುತ್ತಾ, ಒಂದು ಪ್ರಶ್ನೆ ಕೇಳಲೇನು ಎಂದೆ. ನೀನು ತಲೆ ಅಲ್ಲಾಡಿಸಿದೆ. ಹೂಂ ಅಂದೆಯೋ, ಬೇಡ ಅಂದೆಯೋ, ನನಗೆ ಇವತ್ತಿಗೂ… ಬುದ್ಧ ವಿಹಾರದಲ್ಲಿ ನಿನ್ನ ಪುಣ್ಯಾನುಮೋದನ, ದಿನದ ಕಾರ್ಯ, ಮುಗಿದ ಮೇಲೆ ಸುಜಾತಾ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ನಾನೂ ಕರೆಯಲಿಲ್ಲ. ಕರೆದು ಏನು ಮಾಡಲಿ?

ಇವತ್ತು ಮಧ್ಯಾಹ್ನ ಸಾವಕಾರರು ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಎದುರೇ ಕೂತರು. ಹಾಗೆ ಎಂದೂ ಕೂತವರಲ್ಲ. "ಶಾಂತವ್ವ, ನಾಳಿ ತೋಂಡಿ ಐತಿ. ಹುಡಿಗಿ ಕಾಲೇಜಿನ್ಯಾಗ ಬಾಯಿನ ಬಿಡವಲ್ದಂತ. ಜರ್ಮನ್ ಮೇಡಮ್ ಫೋನ್ ಮಾಡಿದ್ರು. ನಾ ಹೋಗಂಗಿಲ್ಲ, ಹನ್ನೆರಡನೆತ್ತನ ಬ್ಯಾಡ ಅಂತ ಕುಂತಾಳ. ನೀ ಕೇಳಿದ್ರ ಹೇಳತಾಳೇನ ನೋಡವಾ," ಅಂದರು. ಪಕ್ಕದಲ್ಲಿದ್ದ ಗಂಗವ್ವ ಸುಮ್ಮನಿರುತ್ತಾಳೆಯೇ? "ಇಕಿ ಏನ ಕೇಳತಾಳ್ರಿ ಸಾವ್ಕಾರ್ರ, ಕಡ್ಡಿ ಆರಿಸೂದ ಬಿಟ್ಟು?" ಅಂದಳು. "ನೀ ಕಡ್ಡಿ ನೋಡ ಬೇ, ನಿನ್ನ ಬುಟ್ಟಿ ತುಂಬ ಅದ ಐತಿ," ಅಂದರು ಅವರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕೈ ತೊಳೆದು ಎದ್ದೆ.

ಸಂಜೆ ಅವಳು ಬಂದು ನೀನು ಕೂರುವ ಜಾಗ ಬಿಟ್ಟು, ಅದರ ಆಚೆ, ತಾನು ಕೂರುತ್ತಿದ್ದಲ್ಲಿಯೇ ಕೂತಳು. ಇಳಿದುಹೋಗಿದ್ದಾಳೆ ಮಗಳೇ. ನಾನು ಗಟ್ಟಿ ಮನಸ್ಸು ಮಾಡಿ ಕೇಳಿದೆ, "ವೀ ಹೈಸನ್ ಜೀ?" ಅವಳು ನೆಲ ನೋಡುತ್ತಲೇ ಹೇಳಿದಳು, "ಇಶ್ ಹೈಸೆ ಕರುಣಾ."

ಜರ್ಮನ್ ಬರದಿದ್ದರೇನು, ನಿನ್ನ ಹೆಸರು ನನಗೆ ತಿಳಿಯುವುದಿಲ್ಲವೇ?

ನಾನು ಒಲೆಯ ಉರಿ ಸರಿ ಮಾಡಿ ಬಂದು ಕೂತೆ. ಮತ್ತೆ ಕೇಳಿದೆ. ಈ ಸಲ ತನ್ನ ಹೆಸರು ಹೇಳಿದಳು, ಮುಂದೆ ಒಂದು ಮಾತೂ ಬರಲಿಲ್ಲ. ಮೂರನೆಯ ಸಲವೂ ಅಷ್ಟೇ. ಕಣ್ಣು ಒರೆಸಿಕೊಂಡು, "ಕಾಕೂ, ನನಗ ಬರೂದು ಅಕೀದರಿ. ನಂದು ಬರಂಗಿಲ್ಲ. ಕಾಲೇಜಿನ್ಯಾಗ ಬಾಯಿ ತಗದ್ರ ಅಕಿ ಹೆಸರ ಬರ್ತೈತಿ ಅಂತ ಸುಮ್ನ ಕುಂದರ್ತಿದ್ದೆ," ಅಂದಳು.

"ಹಂಗಾರ ಅಕೀದ ಹೇಳವಾ. ಎಲ್ಲಾ ಹೇಳು," ಅಂದೆ. ಅವಳಿಗಾಗಿ ಹೇಳಿದೆನೋ, ನನಗಾಗಿಯೋ… ಒಂದೊಂದೇ ಕೇಳಿದೆ. ಅವಳು ಒಂದೂ ತಪ್ಪದೆ ಹೇಳಿದಳು. ಪ್ರತಿ ಉತ್ತರಕ್ಕೂ ಅರ್ಥ ಕೇಳಿದೆ. ಕಾಗವಾಡದಲ್ಲಿ ಇರುತ್ತೇನೆ. ಅಣ್ಣ ತಮ್ಮ ಅಕ್ಕ ತಂಗಿ ಯಾರೂ ಇಲ್ಲ. ಅಪ್ಪ ಬಸ್ಸು ನಡೆಸುತ್ತಾರೆ. ನನಗೆ ರೊಟ್ಟಿ, ಶೇಂಗಾ ಚಟ್ನಿ ಸೇರುತ್ತವೆ. ಭಾನುವಾರ ತಡವಾಗಿ ಏಳುತ್ತೇನೆ. ಇಷ್ಟೇ ಸಣ್ಣ ಸಣ್ಣ ಮಾತು. ಇವನ್ನೇ ನೀನು ಅಷ್ಟು ಜೋರಾಗಿ ಹೇಳುತ್ತಿದ್ದೆಯಾ?

ಅಪ್ಪ ಏನು ಮಾಡುತ್ತಾರೆ ಎಂಬುದರ ಮುಂದಿನದು ನನ್ನ ಬಗೆಗಿನ ಪ್ರಶ್ನೆ. ಮುಟರ್ ಅಂದರೆ ಅವ್ವ ಎಂದು ಅದೊಂದನ್ನು ನೀನು ಹೇಳಿದ್ದೆ. ಅವಳು ಉತ್ತರ ಹೇಳಿದಳು. ಅರ್ಥ ಕೇಳಿದರೆ, ಮುಂದಿನದು ಕೇಳ್ರಿ ಕಾಕೂ ಅಂದಳು. ಮತ್ತೆ ಕೇಳಿದ ಮೇಲೆ, "ನಮ್ಮವ್ವ ಟೀಚರ್ ಅದಾಳ ಅಂತ್ರಿ," ಅಂದಳು.

"ಟೀಚರ್? ಹಂಗ ಯಾಕ ಅಂದಳು?"

"ಪುಸ್ತಕದಾಗ ಇದ್ದದ್ದ ಅಷ್ಟರಿ ಕಾಕೂ. ಟೀಚರ್, ಡಾಕ್ಟರ್, ನರ್ಸ್. ದ್ರಾಕ್ಷಿ ಆರಿಸೋರಿಗೆ ಏನಂತಾರ ಅಂತ ಇರ್ಲಿಲ್ರಿ."

ಇರಬಹುದು. ಪುಸ್ತಕದಲ್ಲಿ ಇಲ್ಲದ್ದನ್ನು ನೀನಾದರೂ ಎಲ್ಲಿಂದ ತರುತ್ತೀ? ಅಥವಾ ಪಕ್ಕದಲ್ಲಿ ಸುಜಾತಾ ಕೂತಿರುವಾಗ, ನಮ್ಮವ್ವ ಇವರ ಶೆಡ್ಡಿನಲ್ಲಿ ಕೂಲಿಗೆ ಹೋಗುತ್ತಾಳೆ ಎನ್ನಲು ನಿನಗೆ ಬಾಯಿ ಬರಲಿಲ್ಲವೇ? ನಾಚಿಕೆ ಆಯಿತೇ ಮಗಳೇ? ಆಗಿದ್ದರೂ ನನಗೆ ಸಿಟ್ಟಿಲ್ಲ. ಇಲ್ಲವೇ, ದಿನಾ ಸಂಜೆ ಪ್ರಶ್ನೆ ಕೇಳುತ್ತಿದ್ದೆನೆಂದು ನಿಜವಾಗಿಯೇ ಟೀಚರ್ ಅಂದೆಯೋ… ಅಷ್ಟು ಆಸೆಯನ್ನು ನಾನು ಇಟ್ಟುಕೊಳ್ಳಬಾರದು. ನನ್ನ ಬಾಯಲ್ಲಿ ಇಷ್ಟೊಂದು ಪ್ರಶ್ನೆ ಇಟ್ಟು ಹೋಗಿದ್ದೀಯ, ಇದನ್ನು ಕೇಳುವ ಪ್ರಶ್ನೆ ಮಾತ್ರ ಅವುಗಳಲ್ಲಿಲ್ಲ. ಇದ್ದರೂ ಈಗ ಯಾರನ್ನು ಕೇಳಲಿ?

ಕತ್ತಲಾಗುವ ಹೊತ್ತಿಗೆ ಸಾವಕಾರರು ಸ್ಕೂಟರ್ ನಿಲ್ಲಿಸಿ ಅಂಗಳದಿಂದಲೇ ಕೂಗಿದರು, "ಬಂತೇನ ಶಾಂತವ್ವ?" ಸುಜಾತಾ ನನ್ನ ಸೆರಗು ಹಿಡಿದು ಮೆಲ್ಲಗೆ ಕೇಳಿದಳು, "ನನ್ನವು ಒಂದ ರಾತ್ರ್ಯಾಗ ಆಗಂಗಿಲ್ರಿ. ನಾಳಿ ಅಕೀವ ಹೇಳಿ ಬರ್ಲೇನ್ರಿ? ಹೆಸರಷ್ಟ ನಂದ ಹೇಳ್ತೀನಿ."

"ಹೆಸರು ಬದಲ್ ಮಾಡಿದ್ರ ಮುಂದ ನಿಂತ ಬಿಡ್ತೈತಲ್ಲ?"

"ನೀವು ಇನ್ನೊಂದಿಷ್ಟ ಸಲ ಕೇಳ್ರಿ."

ಕೇಳಿದೆ. ಎಷ್ಟು ಸಲವೋ ಲೆಕ್ಕವಿಲ್ಲ. ಸಾವಕಾರರು ಕಟ್ಟೆಯ ಮೇಲೆ ಕೂತೇ ಇದ್ದರು, ನಾನು ಸುಜಾತಾಳ ಕೈಯಲ್ಲಿ ಚಾ ಕಳಿಸಿದೆ, ಕುಡಿದರು. ಕಡೆಗೆ ಸುಜಾತಾ ತನ್ನ ಹೆಸರು ಹೇಳಿ, ಒಂದು ಉಸಿರು ನಿಂತು, ನಿನ್ನ ಉತ್ತರಗಳಿಗೆ ದಾಟಿದಳು. ಕೊನೆಯವರೆಗೂ ಹೋದಳು. ನಾನು ಭೇಷ್ ಅನ್ನಬೇಕಿತ್ತು, ಅನ್ನಲಿಲ್ಲ. ನಿನ್ನ ಹೆಸರು ನಿನ್ನ ಉತ್ತರಗಳಿಂದ ಹೊರಟುಹೋಗುವ ಹಾಗೆ ನಾನೇ ಕೂತು ರೂಢಿ ಮಾಡಿಸಿದೆನಲ್ಲ ಅನ್ನಿಸಿತು. ಮಾಡಿಸದೆ ಬಿಟ್ಟಿದ್ದರೆ ನೀನು ಸಿಟ್ಟಾಗುತ್ತಿದ್ದೆ, ಅದೂ ಗೊತ್ತು.

ನಿನಗೆ ಗೊತ್ತಿರದ ಇನ್ನೊಂದು ಸುದ್ದಿ. ಬರುವ ವರ್ಷದಿಂದ ಕಾಲೇಜಿನಲ್ಲಿ ಜರ್ಮನ್ ಇಲ್ಲವಂತೆ, ಮಕ್ಕಳು ಸಾಲುವುದಿಲ್ಲ ಎಂದು ಮೇಡಮ್ಮಿಗೆ ಹೇಳಿದ್ದಾರಂತೆ. ಸುಜಾತಾ ಕೂಡ ಪರೀಕ್ಷೆ ಮುಗಿದರೆ ಆ ಪುಸ್ತಕ ಮುಟ್ಟುವುದಿಲ್ಲ ಅಂದಳು. ಹಾಗಾದರೆ ಕಾಗವಾಡದಲ್ಲಿ ಅಪ್ಪ ಬಸ್ಸು ನಡೆಸುವ, ಅವ್ವ ಟೀಚರ್ ಆಗಿರುವ, ಭಾನುವಾರ ತಡವಾಗಿ ಏಳುವ ಆ ಹುಡುಗಿಯ ಮಾತು ನಾಳೆ ಒಂದು ಸಲ ಕೇಳಿಸುತ್ತದೆ. ಆಮೇಲೆ ಇಲ್ಲ.

ತೋಂಡಿ ನಾಳೆ ಹನ್ನೊಂದು ಗಂಟೆಗೆ. ಪರೀಕ್ಷಕರು ಪುಣೆಯಿಂದ ಬರುತ್ತಾರೆ, ಅವರಿಗೆ ನಮ್ಮ ಯಾರ ಪರಿಚಯವೂ ಇಲ್ಲ.